ಬುತ್ತಿ ತಂದವರು

ಬೀದಿಯಲ್ಲಿ ಮಲಗಿದವರನ್ನು ಮಾತಾಡಿಸಲು ನನ್ನದೇ ಒಂದು ರೀತಿ ಇದೆ. ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ಎರಡು ಚಹಾ ತೆಗೆದುಕೊಂಡು ಹೋಗಿ, ಸ್ವಲ್ಪ ದೂರದಲ್ಲಿ ನೆಲಕ್ಕೆ ಕೂತು, ಒಂದನ್ನು ಅವರ ಕಡೆ ಸರಿಸಿ ಇನ್ನೊಂದನ್ನು ನಾನು ಕುಡಿಯುತ್ತೇನೆ. ಕುಡಿಯುತ್ತಾ ಯಾರನ್ನಾದರೂ ಬೈಯುತ್ತೇನೆ. ಬಿಸಿಲನ್ನು, ಆಟೋದವರನ್ನು, ನೀರಿನಂಥ ಚಹಾ ಕೊಟ್ಟ ಅಂಗಡಿಯವನನ್ನು. ಬೈಗುಳ ಕೇಳಿದರೆ ಅವರು ಹೆದರುವುದಿಲ್ಲ, ಇವಳೂ ನಮ್ಮಂಥವಳೇ ಅಂದುಕೊಳ್ಳುತ್ತಾರೆ. ಹೆದರುವುದು ಸಿಹಿ ಮಾತಿಗೆ. ಹಿಂದೆ ಸಿಹಿಯಾಗಿ ಮಾತಾಡಿದವರು ಅವರಿಗೆ ಏನು ಮಾಡಿ ಹೋಗಿದ್ದಾರೋ ಯಾರಿಗೆ ಗೊತ್ತು.

ಆಂಧ್ರದ ಗಡಿಯ ಆದೋನಿಯಲ್ಲಿ ಮನೆಮಠ ಇಲ್ಲದವರಿಗೆಂದು ಒಂದು ವಸತಿ ಇದೆ. ಊರವರು ಷೆಲ್ಟರು ಅನ್ನುತ್ತಾರೆ. ಅಲ್ಲಿ ನಾನು ಕೇರ್‌ಟೇಕರ್. ಹುಟ್ಟಿದ್ದು ಪೆದ್ದಹರಿವಾಣಂನಲ್ಲಿ, ಕೂಲಿಯವರ ಮನೆಯಲ್ಲಿ. ಓದಿದ್ದು ಕನ್ನಡ ಮೀಡಿಯಂ, ಸಂತೆಯಲ್ಲಿ ಜಗಳ ಆಡುವುದು ತೆಲುಗಿನಲ್ಲಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. "ನಿನ್ನ ಬಾಯಿ ಬೊಂಬಾಯಿ" ಎಂದು ನಮ್ಮ ಅತ್ತೆ ಹೇಳುತ್ತಾರೆ. ಹಾಗೆ ಹೇಳುವ ಅವರ ಬಾಯಿಯೇನೂ ಸಣ್ಣದಲ್ಲ, ಅದು ಬೇರೆ ಮಾತು.

ಆ ಅವ್ವನನ್ನು ನಾನು ಕಂಡದ್ದು ಹತ್ತಿ ಮಾರ್ಕೆಟ್ಟಿನ ಗೋಡೆಯ ಪಕ್ಕದಲ್ಲಿ. ನಾನು ಚಹಾದವನನ್ನು ಬೈಯಲು ಶುರು ಮಾಡುವ ಮೊದಲೇ ಆಕೆ ನನ್ನನ್ನು ಬೈದಳು. ಅಲ್ಲಿಗೆ ನಮ್ಮಿಬ್ಬರ ಸಂಬಂಧ ಕುದುರಿತು. ಊರು ಯಾವುದು ಎಂದು ಎಷ್ಟೋ ದಿನದ ಮೇಲೆ ಕೇಳಿದಾಗ "ಮದ್ದಿಕೇರ" ಅಂದಳು. ಅಲ್ಲಿಗೆ ಹೇಳಿ ಕಳಿಸಿದರೆ ಅಂಥವಳು ನಮಗೆ ಗೊತ್ತಿಲ್ಲ ಎಂದು ಉತ್ತರ ಬಂತು. ಹೆಸರು ಹೇಳದ ಆಕೆ ಎಲ್ಲರ ಬಾಯಲ್ಲೂ ಮದ್ದಿಕೇರ ಅವ್ವ ಆದಳು.

ಷೆಲ್ಟರಿಗೆ ಬಂದಾಗ ಆಕೆಯ ಕೂದಲು ಗಂಟುಗಂಟಾಗಿ ತಲೆಗೆ ಅಂಟಿಕೊಂಡಿತ್ತು. ಕತ್ತರಿಸಿಬಿಡೋಣ ಎಂದು ಎಲ್ಲರೂ ಅಂದರು. ಕತ್ತರಿ ಕಂಡರೆ ಆಕೆ ಗೋಡೆಗೆ ತಲೆ ಒತ್ತಿಕೊಂಡು ಕೂತುಬಿಡುತ್ತಿದ್ದಳು. ನಾನು ಕೊಬ್ಬರಿ ಎಣ್ಣೆ ಹಿಡಿದುಕೊಂಡು ಹಿಂದೆ ಕೂತೆ.

"ನನ್ನ ತಲಿಗಿ ಕೈ ಹಚ್ಚಿದ್ರ ಕೈ ಮುರೀತೀನಿ" ಅಂದಳು.

"ಮುರಿ. ಆಮ್ಯಾಲ ನಿನಗ ಅನ್ನ ಕಲಸಿ ಕೊಡಾರು ಯಾರು?" ಅಂದೆ.

ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾರ ಸಣ್ಣಗ ಬಿಡಿಸು" ಅಂದಳು. ಗಂಟು ಬಿಡಿಸಲು ವಾರಗಟ್ಟಲೆ ಹಿಡಿಯಿತು. ಆಮೇಲೆ ದಿನಾ ಬೆಳಿಗ್ಗೆ ತಲೆ ಬಾಚುವುದು ನನ್ನ ಕೆಲಸವಾಯಿತು, ಬೇರೆ ಯಾರ ಕೈಗೂ ತಲೆ ಕೊಡುತ್ತಿರಲಿಲ್ಲ. ಬಾಚುವಷ್ಟು ಹೊತ್ತೂ ನಾವಿಬ್ಬರೂ ಜಗಳ. ಕೌತಾಳಂ ಕಡೆಯ ಒಬ್ಬ ತಾತ ಷೆಲ್ಟರಿನಲ್ಲಿದ್ದಾನೆ, ಒಂದು ಕಾಲು ಕೆಡುವವರೆಗೂ ಕುರಿ ಕಾಯ್ದವನು. ಅವನು ನಮ್ಮನ್ನು ನೋಡಿ, "ಎರಡೂ ಟಗರು. ಬಿಡಸಾಕ ಹ್ವಾದ್ರ ನಮಗ ಹಾಯತಾವು" ಎಂದು ದೂರದಲ್ಲೇ ಕೂತು ನಗುತ್ತಿದ್ದ. ನನಗೆ ಆ ಜಗಳ ಇಲ್ಲದೆ ದಿನ ಶುರುವಾಗುತ್ತಿರಲಿಲ್ಲ.

ಬಿಸಿಲು ಏರತೊಡಗಿದ ಕಾಲದಲ್ಲಿ ಅವ್ವ ತೀರಿಹೋದಳು. ಪೊಲೀಸರು, ಆಸ್ಪತ್ರೆ, ಪುರಸಭೆ ಎಂದು ಎಲ್ಲ ಕಡೆ ಓಡಾಡಿದೆ. ಮೈಗೆ ನೀರು ಹಾಕಿದ್ದು, ಅರಿಶಿನ ಹಚ್ಚಿದ್ದು ನಾನು. ಮಣ್ಣಿಗೆ ಹೋದದ್ದು ನಾನು, ತಾತ, ಮತ್ತೆ ಪುರಸಭೆಯ ಕೆಲಸದವರು. ಹಿಡಿ ಮಣ್ಣು ಹಾಕಿ ಮನೆಗೆ ಬಂದು ಮೈ ತೊಳೆದುಕೊಂಡೆ. ಕಣ್ಣಲ್ಲಿ ನೀರು ಬರಲಿಲ್ಲ. ಮರುದಿನ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋದೆ. ಅಡಿಗೆಯವಳ ಬಸ್ಸು ತಡವಾಗಿತ್ತು, ಉಪ್ಪಿಟ್ಟೂ ನಾನೇ ಮಾಡಿದೆ. ಆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಎಲ್ಲಿಡಬೇಕು ಎಂದು ತಿಳಿಯದೆ ಮಧ್ಯಾಹ್ನದವರೆಗೂ ಸೆರಗಿನ ತುದಿಯಲ್ಲಿ ಕಟ್ಟಿಕೊಂಡೇ ತಿರುಗಿದೆ.

ನಮ್ಮ ಮ್ಯಾನೇಜರು ಆ ಎರಡು ದಿನ ಊರಲ್ಲಿರಲಿಲ್ಲ. ಕರ್ನೂಲಿಗೆ ಟ್ರೈನಿಂಗಿಗೆ ಹೋಗಿದ್ದರು. ಯಾವ ಟ್ರೈನಿಂಗು ಅಂದರೆ, ಇಂಥ ಕಡೆ ಕೆಲಸ ಮಾಡುವವರ ಮನಸ್ಸನ್ನು ಹೇಗೆ ನೋಡಿಕೊಳ್ಳಬೇಕು ಎಂಬುದರ ಟ್ರೈನಿಂಗು. ನಂದ್ಯಾಲದ ಕಡೆಯ ಹುಡುಗ, ನನಗಿಂತ ಎಷ್ಟೋ ಚಿಕ್ಕವರು. ಒಳ್ಳೆಯವರು. ನಮ್ಮ ಕನ್ನಡವನ್ನು ಇಲ್ಲಿಗೆ ಬಂದು ಕಲಿತು ಅರ್ಧ ತೆಲುಗು ಬೆರೆಸಿ ಆಡುತ್ತಾರೆ. ಮಧ್ಯಾಹ್ನ ಬಸ್ಸಿಳಿದು ಬಂದವರೇ ಸುದ್ದಿ ಕೇಳಿ ಮುಖ ಸಣ್ಣ ಮಾಡಿಕೊಂಡರು. ಆಮೇಲೆ ನಮ್ಮನ್ನೆಲ್ಲಾ ಕರೆದು ಚಾಪೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಿ, ನಿಧಾನಕ್ಕೆ ಬಿಡಿ ಅಂದರು. ವಾಚ್‌ಮನ್ನು ಮೂರನೇ ಉಸಿರಿಗೇ ಗೊರಕೆ ಹೊಡೆದ. ಅಡಿಗೆಯವಳಿಗೆ ನಗು ಬಂತು. ನಾನು ಒಂದು ಕಣ್ಣು ತೆರೆದೇ ಕೂತಿದ್ದೆ. ನಮ್ಮ ಕೆಲಸದಲ್ಲಿ ಎರಡೂ ಕಣ್ಣು ಮುಚ್ಚಿದರೆ ಅಷ್ಟರಲ್ಲಿ ಯಾರೋ ಒಬ್ಬರು ಗೇಟು ದಾಟಿ ರಸ್ತೆಗೆ ಹೋಗಿರುತ್ತಾರೆ.

ಎಲ್ಲರೂ ಎದ್ದು ಹೋದ ಮೇಲೆ ಮ್ಯಾನೇಜರು ನನ್ನೊಬ್ಬಳನ್ನೇ ನಿಲ್ಲಿಸಿಕೊಂಡರು.

"ಅಕ್ಕಾ, ಮೀರು ಚಾಲಾ ಅಲಸಿಪೋಯಾರು, ಭಾಳ ದಣದೀರಿ. ಇವತ್ತು ಹಿಡದು ಮೂರು ದಿನ ಬರಬ್ಯಾಡ್ರಿ. ಅಡಿಗಿ ಮನಿ ಕಡಿಗಂತೂ ಬರಲೇಬ್ಯಾಡ್ರಿ."

ಅವರು ಹೇಳಿದ್ದು ಅಷ್ಟೇ. ಆದರೆ ನಮ್ಮ ಕಡೆ, ಹೆಣಕ್ಕೆ ನೀರು ಹಾಕಿದವಳಿಗೆ ಮೂರು ದಿನ ಬರಬೇಡ, ಅಡಿಗೆ ಮನೆ ಮುಟ್ಟಬೇಡ ಎಂದರೆ ಅದಕ್ಕೆ ಒಂದೇ ಅರ್ಥ. ಸೂತಕ. ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಡುವವರೆಗೆ ಸಾವಿನ ಮನೆಯವರು ಯಾರ ಅಡಿಗೆ ಮನೆಗೂ ಕಾಲಿಡುವುದಿಲ್ಲ. ಬೆಳಿಗ್ಗೆ ನಾನು ಮಾಡಿದ ಉಪ್ಪಿಟ್ಟನ್ನು ತಿನ್ನಲು ಯಾರೋ ಹಿಂಜರಿದಿರಬೇಕು, ಹೆಣ ಮುಟ್ಟಿದ ಕೈ ಎಂದು ದೂರು ಹೇಳಿರಬೇಕು ಅಂದುಕೊಂಡೆ. ಹುಳ ಬಿದ್ದ ಕಾಲನ್ನು ತೊಳೆದದ್ದು ಇದೇ ಕೈ. ಅಲ್ಲಿರುವವರಲ್ಲಿ ಅರ್ಧ ಜನರ ಹೇಲು ಉಚ್ಚೆ ಬಳಿದದ್ದೂ ಇದೇ ಕೈ. ಆಗೆಲ್ಲ ಇಲ್ಲದ ಮೈಲಿಗೆ ಈಗ ಬಂತೇ? ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ನಾನು ಮಾತಾಡದೆ ಹೊರಟದ್ದನ್ನು ನೋಡಿ ವಾಚ್‌ಮನ್ನೇ ಗಾಬರಿಯಾದನಂತೆ.

ಮನೆಯಲ್ಲಿ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಗಂಡ ಜಿನ್ನಿಂಗ್ ಮಿಲ್ಲಿನಿಂದ ಬಂದು ತಟ್ಟೆ ನೋಡಿ, ನನ್ನ ಮುಖ ನೋಡಿ, ಸುಮ್ಮನಾದ. ಸುಮ್ಮನಿರುವುದು ಅವನಿಗೆ ಚೆನ್ನಾಗಿ ಬರುತ್ತದೆ. ಅತ್ತೆಗೆ ಬರುವುದಿಲ್ಲ.

"ಯಾರೋ ಏನೋ. ನಿನಗೇನಾಗಬೇಕವ್ವ ಆಕಿ? ಉಣ್ಣು."

ನನಗೇನಾಗಬೇಕು ಆಕೆ? ತಾಯಿ ಎಂದು ಹೇಳಲು ನನಗೆ ಹೆತ್ತ ತಾಯಿ ಬೇರೆ ಇದ್ದಳು. ಕೆಲಸ ಎಂದು ಹೇಳೋಣವೆಂದರೆ ಕೆಲಸಕ್ಕೆ ಯಾರಾದರೂ ಹೀಗೆ ಹೊಟ್ಟೆ ಉರಿದುಕೊಳ್ಳುತ್ತಾರೆಯೇ? ಇಷ್ಟು ವರ್ಷ ಅಲ್ಲಿ ಎಷ್ಟೋ ಜನ ತೀರಿಕೊಂಡಿದ್ದರು. ಪ್ರತಿ ಸಲವೂ ಮರುದಿನ ಕಸ ಗುಡಿಸಿ, ನೀರು ತುಂಬಿ, ಹೊಸಬರಿಗೆ ಹಾಸಿಗೆ ಹಾಸಿದ್ದೆ. ಆ ಸಾವುಗಳೆಲ್ಲ ಎಲ್ಲಿ ಹೋಗಿ ಕೂತಿದ್ದವೋ, ಈಗ ಅವ್ವನ ಜೊತೆ ಸೇರಿ ಎದೆಯ ಮೇಲೆ ಕೂತವು. ಇನ್ನು ಆ ಗೇಟಿನೊಳಗೆ ಕಾಲಿಡುವುದಿಲ್ಲ ಎಂದು ತೀರ್ಮಾನ ಮಾಡಿದೆ. ಮಿಲ್ಲಿನಲ್ಲಿ ಹತ್ತಿ ಆರಿಸುವ ಕೆಲಸ ಇದ್ದರೆ ನೋಡು ಎಂದು ಗಂಡನಿಗೆ ಹೇಳಿದೆ. ಹತ್ತಿಗೆ ಮಣ್ಣು ಕೊಡಬೇಕಾಗಿಲ್ಲ.

ಮರುದಿನ ತರಕಾರಿ ಮಾರ್ಕೆಟ್ಟಿನಲ್ಲಿ ನಮ್ಮ ಅಡಿಗೆಯವಳು ಸಿಕ್ಕಳು. ದಿನಾ ಕೌತಾಳಂ ಬಸ್ಸಿನಲ್ಲಿ ಬಂದು ಹೋಗುವವಳು. ಚೀಲ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ನಾಡದು ಬರ್ತಿಯಲ್ಲ? ನೀ ಇಲ್ಲಂದ್ರ ಅಲ್ಲಿ ಯಾರೂ ಯಾರ ಮಾತೂ ಕೇಳವಲ್ರು."

"ಬರಾದಿಲ್ಲ. ನಾಡದೂ ಇಲ್ಲ, ಆಚಿ ನಾಡದೂ ಇಲ್ಲ."

ಅವಳ ಮುಖ ಇಳಿಯಿತು. ಆದರೆ ನನ್ನ ಬಾಯಿ ಒಮ್ಮೆ ತೆರೆದರೆ ನನಗೇ ನಿಲ್ಲುವುದಿಲ್ಲ. ಬದನೆಕಾಯಿಯವಳು ತಕ್ಕಡಿ ಹಿಡಿದುಕೊಂಡೇ ಕೇಳುತ್ತಾ ನಿಂತಳು.

"ಸೂತಕ ಅಂತ ದೂರ ಇಡಾಕ ಗೊತ್ತೈತಿ, ಬುತ್ತಿ ತರಾಕ ಗೊತ್ತಿಲ್ಲೇನು? ಆಕಿ ನನ್ನಾಕಿ ಅಂತ ಆದ್ರ ಬುತ್ತಿ ತರ್ರಿ. ಅಲ್ಲ ಅಂದ್ರ ಕೆಲಸಕ್ಕ ಕರೀರಿ. ಆ ಕಡಿಗೂ ಇಲ್ಲ, ಈ ಕಡಿಗೂ ಇಲ್ಲ ಅಂದ್ರ ನಾ ಎಲ್ಲಿ ನಿಲ್ಲಲಿ? ಹೋಗಿ ಹೇಳು ನಿಮ್ಮ ಸಾರಿಗಿ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರು, ನೆಂಟರು, ಓಣಿಯವರು ರೊಟ್ಟಿ ಪಲ್ಯದ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಪಕ್ಕದಲ್ಲಿ ಕೂತು ಮಾತಾಡಿಸುತ್ತಾರೆ, ಒತ್ತಾಯ ಮಾಡಿ ಉಣಿಸುತ್ತಾರೆ. ಅದಿಲ್ಲದೆ ಹೋದರೆ ದುಃಖದವರು ಹಸಿದುಕೊಂಡೇ ಕೂತಿರುತ್ತಾರೆ ಎಂದು ಹಿರಿಯರಿಗೆ ಗೊತ್ತಿತ್ತು. ಸೂತಕ ಹಿಡಿದವರಿಗೆ ಬುತ್ತಿಯ ಹಕ್ಕೂ ಇರುತ್ತದೆ. ನನಗೆ ಒಂದನ್ನು ಕೊಟ್ಟು ಇನ್ನೊಂದನ್ನು ಕೊಡಲಿಲ್ಲ ಎಂಬುದೇ ನನ್ನ ಸಿಟ್ಟು. ಅಡಿಗೆಯವಳು ಚೀಲ ಎತ್ತಿಕೊಂಡು ಹೋದಳು. ನಾನು ಸಿಟ್ಟಿನಲ್ಲಿ ಬದನೆಕಾಯಿ ಕೊಳ್ಳುವುದನ್ನೇ ಮರೆತು ಮನೆಗೆ ಬಂದೆ.

ಮಾರನೆಯ ದಿನ ಹೊತ್ತು ಸ್ವಲ್ಪ ಏರಿತ್ತು. ಅತ್ತೆ ಒಳಗೆ ಅನ್ನಕ್ಕೆ ಇಟ್ಟಿದ್ದರು. ಓಣಿಯ ತುದಿಯಲ್ಲಿ ಆಟೋ ನಿಂತ ಸದ್ದಾಯಿತು. ನೋಡಿದರೆ ತಾತ ಕೋಲೂರಿಕೊಂಡು ಇಳಿಯುತ್ತಿದ್ದಾನೆ. ಹೆಗಲ ಮೇಲೆ ಕಂಬಳಿ. ಅವನ ಹಿಂದೆ ನಮ್ಮ ಷೆಲ್ಟರಿನ ಇಬ್ಬರು ಹೆಂಗಸರು, ಅಡಿಗೆಯವಳು, ಎಲ್ಲರಿಗಿಂತ ಹಿಂದೆ ನೀರಿನ ಕ್ಯಾನು ಹಿಡಿದುಕೊಂಡು ಮ್ಯಾನೇಜರು. ಆ ಹೆಂಗಸರಲ್ಲಿ ಒಬ್ಬಳ ತಲೆಯ ಮೇಲೆ ಬಿಳಿ ಬಟ್ಟೆಯ ಗಂಟು. ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

ನಾನು ಹೊಸ್ತಿಲಲ್ಲಿ ನಿಂತೆ. ಬಾಯಿಗೆ ಬಂದ "ಬರ್ರಿ" ಅಲ್ಲೇ ನಿಂತಿತು, ಸಾವಿನ ಮನೆಗೆ ಬಂದವರನ್ನು ಬರ್ರಿ ಎಂದು ಕರೆಯುವುದಿಲ್ಲ. ಅವರೂ ಕರೆಯಲಿ ಎಂದು ಕಾಯಲಿಲ್ಲ. ಕಾಲಿಗೆ ನೀರು ಹಾಕಿಕೊಂಡು ತಾವೇ ಒಳಗೆ ಬಂದು ಗೋಡೆಯ ಗುಂಟ ಕೂತರು. ಅತ್ತೆ ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಗಂಟನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಕುದಿಯುತ್ತಿದ್ದ ಅನ್ನದ ಕೆಳಗಿನ ಗ್ಯಾಸ್ ಆರಿಸಿದರು. ಪಾತ್ರೆಯನ್ನು ಅರೆಬೆಂದ ಅನ್ನದ ಸಮೇತ ಕೆಳಗಿಟ್ಟ ಸದ್ದು ನನಗೆ ಕೇಳಿಸಿತು. ಬಂದು ನನ್ನ ಪಕ್ಕದಲ್ಲಿ, ಮೈಗೆ ಮೈ ತಾಗುವಂತೆ ಕೂತರು.

ಆಮೇಲೆ ತಾತ ಕೋಲನ್ನು ಬದಿಗಿಟ್ಟು ಕೇಳಿದ.

"ಹೆಂಗಾತವ್ವ?"

ಮಾತಾಡಿಸಲು ಬಂದವರು ಮೊದಲು ಕೇಳುವುದು ಇದನ್ನೇ. ಹೇಗೆ ಆಯಿತು ಎಂದು ಸಾವಿನ ಮನೆಯವರು ಹೇಳಬೇಕು. ಬಂದವರಿಗೆಲ್ಲ ಮತ್ತೆ ಮತ್ತೆ ಹೇಳಬೇಕು. ಆದರೆ ತಾತ ಅವತ್ತು ಅಲ್ಲೇ ಇದ್ದವನು. ನನಗೆ ರೇಗಿತು.

"ನೀನೂ ಇದ್ದೆಲ್ಲ. ನನ್ನೇನು ಕೇಳ್ತಿ?"

"ನಾ ಇದ್ದೆ ಬಿಡು. ನೀ ಹೇಳು."

ಹೇಳಿದೆ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವ್ವ ಎದ್ದು ಕೂತಿದ್ದಳು. ದಿನಾ ಬಾಚಣಿಗೆ ಬಚ್ಚಿಡುತ್ತಿದ್ದವಳು ಅವತ್ತು ತಾನೇ ಅದನ್ನು ಚಾಚಿದಳು. ಬೈಯಲಿಲ್ಲ. ಎರಡು ಜಡೆ ಹಾಕು ಅಂದಳು. ಈ ವಯಸ್ಸಿಗೆ ಎರಡು ಜಡೆ ಯಾಕೆ, ಶಾಲೆ ಹುಡುಗಿಯೇನು ನೀನು ಎಂದು ನಾನು ಕೆಣಕಿದೆ. ಆಗಲೂ ಬೈಯಲಿಲ್ಲ. ಬೈಯದೆ ಕೂತದ್ದು ನೋಡಿ ನನಗೆ ಒಳಗೇ ಭಯವಾಗಿತ್ತು, ಹಣೆ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ. ಒಂದು ಜಡೆ ಹೆಣೆದು ಮುಗಿಸಿ ಇನ್ನೊಂದಕ್ಕೆ ಕೂದಲು ಮೂರು ಪಾಲು ಮಾಡಿದ್ದೆ. ಆಕೆಯ ತಲೆ ಹಿಂದಕ್ಕೆ ಬಂದು ನನ್ನ ಎದೆಗೆ ಒರಗಿತು. ನಿದ್ದೆ ಹತ್ತಿತೇನೋ ಎಂದು ನಾನು ಅಲ್ಲಾಡದೆ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಜಡೆ ಹಾಗೆಯೇ ಬಿಡಲು ಮನಸ್ಸಾಗಲಿಲ್ಲ. ಎಲ್ಲರನ್ನೂ ಕರೆಯುವ ಮೊದಲು ಎರಡನೆಯದನ್ನೂ ಹೆಣೆದೆ. ನನ್ನ ಸೀರೆಯ ಅಂಚು ಹರಿದು ತುದಿಗೆ ಕಟ್ಟಿದೆ.

ಅಷ್ಟು ಹೇಳುವಷ್ಟರಲ್ಲಿ ನನ್ನ ದನಿ ಹೋಗಿತ್ತು. ನಾನು ಅತ್ತುಬಿಟ್ಟೆ. ಸದ್ದು ಮಾಡಿ, ಸೆರಗು ಬಾಯಿಗೆ ಒತ್ತಿಕೊಳ್ಳದೆ, ತವರಿನಲ್ಲಿ ಅತ್ತಂತೆ ಅತ್ತೆ. ಆ ಇಬ್ಬರು ಹೆಂಗಸರೂ ಅತ್ತರು. ಅತ್ತೆಯವರ ಕೈ ನನ್ನ ಬೆನ್ನ ಮೇಲಿತ್ತು. ಯಾರೂ ಸಮಾಧಾನ ಮಾಡಲಿಲ್ಲ, ಅಳಬೇಡ ಅನ್ನಲಿಲ್ಲ. ನನ್ನನ್ನು ಇಷ್ಟು ಪ್ರೀತಿಯಿಂದ ಯಾರೂ ಅಳಲು ಬಿಟ್ಟಿರಲಿಲ್ಲ.

ಗಂಟು ಬಿಚ್ಚಿದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಪುಡಿ, ಮೊಸರನ್ನ. ರೊಟ್ಟಿ ತಟ್ಟಿದ್ದು ಆ ಹೆಂಗಸರು. ಎಷ್ಟೋ ವರ್ಷದಿಂದ ಸ್ವಂತ ಒಲೆ ಕಾಣದ ಕೈಗಳು. ಒಂದು ದಪ್ಪ, ಒಂದು ತೆಳ್ಳಗೆ, ಅಂಚು ಕರಿಕಾಗಿತ್ತು. ಮೊದಲ ತುತ್ತನ್ನು ತಾತನೇ ಮುರಿದು ನನ್ನ ಬಾಯಿಗಿಟ್ಟ. ಇಳಿಯಿತು. ಎರಡು ರೊಟ್ಟಿ ತಿಂದೆ. ಅಷ್ಟು ರುಚಿಯಾದ ಕೆಟ್ಟ ರೊಟ್ಟಿಯನ್ನು ನಾನು ಮತ್ತೆ ತಿಂದಿಲ್ಲ.

ಮ್ಯಾನೇಜರು ಮೂಲೆಯಲ್ಲಿ ಕ್ಯಾನಿನ ಪಕ್ಕ ಕೂತಿದ್ದರು. "ಅಕ್ಕಾ, ನಾ ರೆಸ್ಟ್ ತಗೋರಿ ಅಂತ ಅಷ್ಟೇ ಅಂದೆ. ನಿಜಂಗಾ. ನಿಮ್ಮ ಕೈಲೆ ಅಡಿಗಿನೂ ಮಾಡಿಸಿದ್ರಂತ ಗೊತ್ತಾಗಿ ಬ್ಯಾಸರಾತು, ಅದಕ್ಕಂದೆ" ಅಂದರು. ಅವರ ಕಣ್ಣೂ ಕೆಂಪಾಗಿತ್ತು. ಅಲ್ಲಿಯವರೆಗೆ ಹೊಟ್ಟೆಯಲ್ಲಿದ್ದ ಸಿಟ್ಟು ಹೀಗೆ ನಿಂತ ಕಾಲ ಮೇಲೆ ಕರಗಿದ್ದು ನನಗೇ ನಾಚಿಕೆ ತಂದಿತು. "ಇರಲಿ ಬಿಡ್ರಿ ಸಾರ್, ನೀವೂ ಒಂದು ರೊಟ್ಟಿ ತಿನ್ರಿ" ಅಂದೆ. ಬುತ್ತಿ ಸಾವಿನ ಮನೆಯವರದ್ದು ಎಂದು ತಾತ ಅವರ ಕೈ ತಡೆದ. ಆಮೇಲೆ ಎದ್ದರು, ಹೊರಟರು. ಬರುತ್ತೇವೆ ಎಂದು ಯಾರೂ ಹೇಳಲಿಲ್ಲ, ಹೇಳಬಾರದು. ನಾನೂ ಹೋಗಿ ಬರ್ರಿ ಅನ್ನಲಿಲ್ಲ.

ಆಟೋ ಹೋದ ಮೇಲೆ ಅತ್ತೆ ಬಹಳ ಹೊತ್ತು ಹೊಸ್ತಿಲ ಮೇಲೇ ಕೂತಿದ್ದರು. ಒಂದು ಮಾತು ಅವರ ಮನಸ್ಸಿನಲ್ಲಿ ಕುದಿಯುತ್ತಿತ್ತು.

"ಅಲ್ಲಾ, ಆಕಿ ಸತ್ತದ್ದು ಅವರ ಮನ್ಯಾಗ. ಸೂತಕ ಅವರಿಗೂ ಐತಿ. ಅವರ ಮನಿಗಿ ಯಾರರ ಬುತ್ತಿ ಒಯ್ದಿದ್ರೇನು?"

ನಾನು ಇಲ್ಲ ಅಂದೆ. ಇಷ್ಟು ವರ್ಷದಲ್ಲಿ ಆ ಗೇಟಿನೊಳಗೆ ಎಷ್ಟು ಸಾವಾದರೂ ಯಾರೂ ಒಯ್ದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಅತ್ತೆ ಎದ್ದು ಹೋಗಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದರು.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಾಗ ಅತ್ತೆ ಗಂಟು ಹೊತ್ತು ನನಗಿಂತ ಮುಂದೆ ನಡೆದರು. ಆ ಷೆಲ್ಟರಿನ ಮೆಟ್ಟಿಲನ್ನು ಅವರು ಅದುವರೆಗೆ ತುಳಿದವರಲ್ಲ. ಯಾರೂ ಬರ್ರಿ ಅನ್ನಲಿಲ್ಲ. ಕಾಲು ತೊಳೆದುಕೊಂಡು ಸೀದಾ ತಾತನ ಚಾಪೆಯ ಎದುರಿಗೆ ಹೋಗಿ ಕೂತರು. ಅವನ ಹಾಸಿಗೆಯ ಪಕ್ಕದಲ್ಲಿ ಹಿಂದಿನ ದಿನದ ತಟ್ಟೆ ಮುಚ್ಚಿದಂತೆಯೇ ಇತ್ತು. ಅವ್ವ ಹೋದಾಗಿನಿಂದ ಅವನು ಸರಿಯಾಗಿ ಉಂಡಿರಲಿಲ್ಲ ಎಂದು ಅಡಿಗೆಯವಳು ನನಗೆ ಆಮೇಲೆ ಹೇಳಿದಳು.

"ಹೆಂಗಾತಣ್ಣ?" ಎಂದು ಅತ್ತೆ ಕೇಳಿದರು.

ತಾತ ಅವರ ಮುಖವನ್ನೇ ನೋಡಿದ. ಯಾವುದಕ್ಕೂ ಒಂದು ಚುಚ್ಚುಮಾತು ಇಲ್ಲದೆ ಬಾಯಿ ತೆರೆಯದವನು ಇವತ್ತು ಕೋಲನ್ನು ಬದಿಗಿಟ್ಟ. ಕಂಬಳಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಮುಂಜಾನಿ ಆಕಿ ನನಗಿಂತ ಮೊದಲ ಎದ್ದಿದ್ದಳವ್ವ" ಎಂದು ಹೇಳಲು ಶುರು ಮಾಡಿದ. ಅತ್ತೆ ಗಂಟನ್ನು ಮಡಿಲಲ್ಲೇ ಇಟ್ಟುಕೊಂಡು ಕೇಳುತ್ತಾ ಕೂತರು.